ಪಿಳ್ಳಪ್ಪನವರ ಆರನೇ ಸೈಕಲ್
ಅಲ್ಲಾಳಸಂದ್ರದ ಪಿಳ್ಳಪ್ಪನವರ ಮನೆಯಲ್ಲಿ ಕಾರು ನಿಲ್ಲಬೇಕಾದ ಜಾಗದಲ್ಲಿ ಆರು ಸ್ಟೀಲ್ ಸೈಕಲ್‌ಗಳು ನಿಂತಿವೆ. ಕಾರು ಬೀದಿಯಲ್ಲಿ ನೆನೆಯುತ್ತದೆ. ಸೈಕಲ್‌ಗಳ ಟೈರು, ಚೈನು, ಸೀಟು ಎಷ್ಟೋ ಸಲ ಬದಲಾಗಿವೆ, ಫ್ರೇಮು ಮಾತ್ರ ಅದೇ. ಯಾರಾದರೂ ಹೊಸ ಕಾರ್ಬನ್ ಸೈಕಲ್ ತೋರಿಸಲು ತಂದರೆ ಅದನ್ನು ಒಂದೇ ಬೆರಳಲ್ಲಿ ಎತ್ತಿ, "ಚೆನ್ನಾಗಿದೆ, ಗಾಳಿಗೆ ಹಾರೋಗ್ದಂಗೆ ಕಟ್ಟಾಕಿ" ಎನ್ನುತ್ತಾರೆ. ಹಳೆಯ ಸ್ಟೀಲ್ ಸೈಕಲ್ಲೊಂದು ಗುಜರಿಗೆ ಹೋಗುತ್ತಿದೆ ಎಂದು ಕಿವಿಗೆ ಬಿದ್ದರೆ ಸಾಕು, ಊಟ ಬಿಟ್ಟು ಹೊರಡುತ್ತಾರೆ. "ಇನ್ನೊಂದ್ ತಂದ್ರೆ ನಾನೂ ಕಾರಿನ ಜೊತೆ ಬೀದೀಲಿ ಮಲಗ್ಬೇಕಾಗುತ್ತೆ" ಎಂದು ಹೆಂಡತಿ ದ್ರೌಪದಮ್ಮ ಗದರಿದರೆ ಅವರದು ಒಂದೇ ಉತ್ತರ: "ಸ್ಟೀಲು ಹೇಳ್ದೆ ಕೇಳ್ದೆ ಮುರಿಯಲ್ಲ ಕಣೇ. ಮೊದ್ಲು ಕಿರ್ ಅನ್ನುತ್ತೆ, ಆಮೇಲೆ ಬಿರುಕು ಬಿಡುತ್ತೆ. ನಮಗೆ ಟೈಮ್ ಕೊಡುತ್ತೆ." ಆರನೆಯದು, ಹಸಿರು ಬಣ್ಣದ್ದು, ಗೆಳೆಯ ವಾಸು ಅವರದು. ಪ್ರತಿ ಭಾನುವಾರ ಪಿಳ್ಳಪ್ಪನವರ ಜೊತೆ ಸೈಕಲ್ ತುಳಿಯುವ ನಮ್ಮ ಗುಂಪಿನಲ್ಲಿ ಹೆಸರಘಟ್ಟಕ್ಕೆ ಬರುತ್ತಿದ್ದ ವಾಸು, ಹೋದ ವರ್ಷ ಕೆರೆ ಏರಿಯ ಮೇಲೆ ನೀರು ಕುಡಿಯಲು ಕೂತವರು ಮತ್ತೆ ಏಳಲಿಲ್ಲ. ಈಗ ಹೊರಡುವ ಮುನ್ನ ಪಿಳ್ಳಪ್ಪನವರು ಎಲ್ಲರ ಸೈಕಲ್ಲಿನ ಫ್ರೇಮನ್ನೂ ಬೆರಳಿನಿಂದ ತಟ್ಟಿ ಸದ್ದು ಆಲಿಸುತ್ತಾರೆ. ಆಮೇಲೆ ಒಬ್ಬೊಬ್ಬರ ಬೆನ್ನ ಮೇಲೂ ಕೈಯಿಟ್ಟು, "ಏನಾದ್ರೂ ಆಗ್ತಿದ್ರೆ ಬಾಯ್ಬಿಟ್ಟು ಹೇಳ್ರಪ್ಪಾ" ಎನ್ನುತ್ತಾರೆ.