ಎಂಟು ದಿನದ ಸುಳ್ಳು

ಗುರುವಾರ ಬೆಳಿಗ್ಗೆ ಅರಸೀಕೆರೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಹೊಟ್ಟೆ ಒತ್ತಿ ನೋಡಿದರು. ಆಮೇಲೆ ತಾಯಿ ಕಾರ್ಡ್ ತಿರುವಿ ಹಾಕಿ, "ಇವತ್ತಿಗೆ ನಲವತ್ತು ವಾರ ತುಂಬಿತು. ಇನ್ನೊಂದು ವಾರ ಕಾಯೋಣ. ಅಷ್ಟರಲ್ಲಿ ನೋವು ತಾನಾಗಿ ಬರದಿದ್ದರೆ ಮುಂದಿನ ಗುರುವಾರ ಬಂದು ಅಡ್ಮಿಟ್ ಆಗಿ. ಔಷಧಿ ಇಟ್ಟು ನೋವು ಬರಿಸೋಣ" ಎಂದರು. ಅದಕ್ಕಿಂತ ಹೆಚ್ಚು ಕಾಯುವುದು ಒಳ್ಳೆಯದಲ್ಲವಂತೆ. ದಿನ ಮೀರಿದರೆ ಮಗುವಿನ ಸುತ್ತಲಿನ ನೀರು ಕಡಿಮೆಯಾಗುತ್ತದೆ, ಮಾಸು ಸೊರಗುತ್ತದೆ, ಮಗುವಿಗೆ ಉಸಿರು ಸಾಲದೆ ಹೋಗಬಹುದು ಎಂದರು. ಪಕ್ಕದ ಕುರ್ಚಿಯಲ್ಲಿದ್ದ ನಮ್ಮತ್ತೆ ಎಲ್ಲದಕ್ಕೂ ತಲೆಯಾಡಿಸಿದರು. ನಾನೂ ಆಡಿಸಿದೆ. ಆದರೆ ಆ ನಲವತ್ತು ವಾರ ಸುಳ್ಳೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಿಜದಲ್ಲಿ ನನಗೆ ನಲವತ್ತೊಂದು ವಾರ ಕಳೆದು ಮೇಲೊಂದು ದಿನವಾಗಿತ್ತು. ಡಾಕ್ಟರಮ್ಮ ಕಾಯೋಣ ಎಂದ ವಾರ ಆಗಲೇ ಮುಗಿದುಹೋಗಿತ್ತು.

ಆ ಎಂಟು ದಿನವನ್ನು ನಾನು ನುಂಗಿದ್ದು ನಮ್ಮ ಗೃಹಪ್ರವೇಶದ ದಿನ. ಮಾದಿಹಳ್ಳಿಯಲ್ಲಿ ಹಳೆಯ ಹೆಂಚಿನ ಮನೆ ಕೆಡವಿ, ಹಿತ್ತಿಲ ಕಡೆಯ ಒಂದು ಕೋಣೆಯನ್ನು ಮಾತ್ರ ಉಳಿಸಿಕೊಂಡು, ಹೊಸ ತಾರಸಿ ಮನೆ ಕಟ್ಟಿದ್ದೆವು. ನಮ್ಮ ಮಾವ ತೀರಿಕೊಂಡು ವರ್ಷಗಳಾಗಿದ್ದವು. ಹಾಗಾಗಿ ಹೋಮಕ್ಕೆ ದಂಪತಿ ಎಂದು ಕೂರಬೇಕಾದವರು ನಾನು ಮತ್ತು ನನ್ನ ಗಂಡ. ಅತ್ತೆ ಮುಹೂರ್ತ ಇಡಿಸುವಾಗ ನನ್ನ ಮುಟ್ಟಿನ ದಿನವನ್ನೂ ಲೆಕ್ಕ ಹಾಕಿ, "ಅವತ್ತಿಗೆ ಅವ್ಳಿಗೆ ಇನ್ನೂ ಎಂಟು ದಿನ ಇರ್ತೈತೆ, ತೊಂದ್ರೆ ಇಲ್ಲ" ಎಂದು ಪುರೋಹಿತರಿಗೆ ಹೇಳಿದ್ದರು. ನಾನು ನಾಚಿಕೆಯಿಂದ ಅಡುಗೆಮನೆಗೆ ಓಡಿದ್ದೆ. ಓಡಿದ್ದಕ್ಕೆ ಶಾಸ್ತಿ ಎಂಬಂತೆ, ಗೃಹಪ್ರವೇಶದ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಳ್ಳುವಾಗ ನೋಡಿದರೆ ಎಂಟು ದಿನ ಮೊದಲೇ ಬಂದುಬಿಟ್ಟಿತ್ತು.

ಹೊರಗೆ ಚಪ್ಪರದಡಿ ನೆಂಟರು ಕಾಫಿ ಕುಡಿಯುತ್ತಿದ್ದರು. ಹಸುವಿನ ಕೊರಳಿಗೆ ಹೂವು ಕಟ್ಟಿ ಹೊಸಿಲ ಮುಂದೆ ನಿಲ್ಲಿಸಿದ್ದರು. ನಾನು ಬಾಯಿ ಬಿಟ್ಟರೆ ಎಲ್ಲವೂ ನಿಲ್ಲುತ್ತಿತ್ತು. ಮುಂದೆ ಆಷಾಢ, ಆಮೇಲೆ ಇನ್ನೇನೋ. ಬಾಯಿ ಬಿಡಲಿಲ್ಲ. ರೇಷ್ಮೆ ಸೀರೆ ಉಟ್ಟು ಹೋಮಕ್ಕೆ ಕೂತೆ, ತುಪ್ಪ ಹಾಕಿದೆ, ಹಾಲು ಉಕ್ಕಿಸಿದೆ. ನಾನು ಹಳೇಬೀಡಿನ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಇದರಲ್ಲೆಲ್ಲ ನನಗೆ ನಂಬಿಕೆಯಿಲ್ಲ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡವಳು. ಆದರೂ ಪೂರ್ಣಾಹುತಿಯ ಹೊತ್ತಿಗೆ ಕಣ್ಣು ಮುಚ್ಚಿ, ತಪ್ಪಾಯಿತು ಎಂದು ಒಳಗೊಳಗೇ ಬೇಡಿಕೊಂಡೆ.

ಸುಳ್ಳು ಅಲ್ಲಿಗೇ ಮುಗಿದಿದ್ದರೆ ಸರಿಹೋಗುತ್ತಿತ್ತು. ಎಂಟು ದಿನ ಕಳೆದ ಮೇಲೆ ಅತ್ತೆ ಬೆಳಿಗ್ಗೆ ಬೆಳಿಗ್ಗೆ ನನ್ನ ಮುಖ ನೋಡತೊಡಗಿದರು. ನಾನು ಏನೂ ಇಲ್ಲದೆಯೇ "ಹೊರಗಾದೆ ಅತ್ತೆ" ಎಂದು ಹೇಳಿ ಹಿತ್ತಿಲ ಕೋಣೆಯಲ್ಲಿ ಮೂರು ದಿನ ಚಾಪೆ ಹಾಸಿ ಕೂತೆ. ಅತ್ತೆ ತಟ್ಟೆಯಲ್ಲಿ ಊಟ ತಂದು ಬಾಗಿಲಲ್ಲಿ ಇಡುತ್ತಿದ್ದರು. ನಾನು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಾ, ಹಾಯಾಗಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮುಂದಿನ ತಿಂಗಳು ನಾನು ಹೊರಗಾಗಲಿಲ್ಲ. ತಾಯಿ ಕಾರ್ಡ್ ಮಾಡಿಸುವಾಗ ನರ್ಸ್ ಕೊನೆಯ ಮುಟ್ಟಿನ ತಾರೀಖು ಕೇಳಿದರೆ, ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಥಟ್ಟನೆ ಹೇಳಿಬಿಟ್ಟರು. ಅದು ನಾನು ಸುಳ್ಳು ಸುಳ್ಳೇ ಕೂತ ದಿನದ ತಾರೀಖು.

ನಮ್ಮತ್ತೆಯ ಲೆಕ್ಕವನ್ನು ಯಾರೂ ಅನುಮಾನಿಸುವಂತಿರಲಿಲ್ಲ. ಓದು ಬರಹ ಅಷ್ಟಕ್ಕಷ್ಟೆ. ಆದರೆ ಊರಲ್ಲಿ ಯಾರ ಹಸುವಿಗೆ ಯಾವತ್ತು ಗಬ್ಬ ಕಟ್ಟುವ ಇಂಜೆಕ್ಷನ್ ಕೊಡಿಸಿದರು, ಯಾವತ್ತು ಕರು ಹಾಕಬೇಕು ಎಲ್ಲವೂ ಅವರ ತಲೆಯಲ್ಲಿರುತ್ತಿತ್ತು. ಡೇರಿಗೆ ಹಾಲು ಹಾಕಲು ಹೋದಾಗ ಹೆಂಗಸರು ಕ್ಯಾನು ಹಿಡಿದು ನಿಂತು, "ನಮ್ದು ಯಾವಾಗ್ ಬತ್ತೈತೆ ನೋಡಕ್ಕಾ" ಎಂದು ಕೇಳುತ್ತಿದ್ದರು. ಅತ್ತೆ ಬೆರಳಿನ ಗೆಣ್ಣು ಎಣಿಸಿ ಹೇಳಿದರೆ ಒಂದೆರಡು ದಿನದ ಆಚೀಚೆಗೆ ಹಸು ಕರು ಹಾಕುತ್ತಿತ್ತು. ಅವರಿಗೆ ಅದರಲ್ಲಿ ಒಂದು ಹೆಮ್ಮೆ. ಡೇರಿ ಬಾಗಿಲಿನಿಂದ ಬರುವಾಗ ಅವರ ನಡಿಗೆಯೇ ಬೇರೆ ಇರುತ್ತಿತ್ತು.

ಮೊದಲ ತಿಂಗಳುಗಳಲ್ಲಿ ಡಾಕ್ಟರಮ್ಮ ಸ್ಕ್ಯಾನಿಂಗಿಗೆ ಬರೆದುಕೊಟ್ಟಾಗ, ಮಿಷನ್ನು ನಿಜವಾದ ದಿನ ಹೇಳಿಬಿಡುತ್ತದೆ ಎಂಬ ಹೆದರಿಕೆಯಿಂದ, ಬಸ್ಸಿನಲ್ಲಿ ವಾಂತಿ ಎಂದು ನೆಪ ಹೇಳಿ ತಪ್ಪಿಸಿಕೊಂಡೆ. ಐದನೇ ತಿಂಗಳಲ್ಲಿ ಸ್ಕ್ಯಾನಿಂಗ್ ಮಾಡಿದಾಗ ಮಗು ಎಂಟು ದಿನ ಮುಂದಿತ್ತು. "ಈ ತಿಂಗಳಲ್ಲಿ ಇಷ್ಟು ಹೆಚ್ಚು ಕಡಿಮೆ ಇರುತ್ತೆ, ತಾರೀಖು ಬದಲಾಯಿಸೋದು ಬೇಡ" ಎಂದುಬಿಟ್ಟರು ಡಾಕ್ಟರಮ್ಮ. ಅಂದು ನನಗೆ ಖುಷಿಯಾಗಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಶುಕ್ರವಾರದಿಂದ ಆಸ್ಪತ್ರೆಯ ಬ್ಯಾಗು ತುಂಬುವ ಕೆಲಸ ಶುರುವಾಯಿತು. ನನಗೆ ತಾಯಿಯಿಲ್ಲ. ತವರಲ್ಲಿ ಆಗಬೇಕಾದ ಬಾಣಂತನವನ್ನೂ ಅತ್ತೆಯೇ ಹೊತ್ತುಕೊಂಡಿದ್ದರು. ಅಪ್ಪ ಅರಸೀಕೆರೆಯಲ್ಲಿದ್ದಾರೆ ಎಂಬ ಕಾರಣಕ್ಕೇ ಆ ಆಸ್ಪತ್ರೆ ಗೊತ್ತು ಮಾಡಿದ್ದೆವು. ಹುಟ್ಟುವ ಮೊದಲೇ ಮಗುವಿಗೆ ಹೊಸ ಬಟ್ಟೆ ತರುವುದು ನಮ್ಮಲ್ಲಿಲ್ಲ. ಹಾಗಾಗಿ ಅತ್ತೆ ತಮ್ಮ ಹಳೆಯ ನೂಲಿನ ಸೀರೆಗಳನ್ನು ಬಿಸಿನೀರಲ್ಲಿ ಕುದಿಸಿ, ಬಿಸಿಲಿಗೆ ಹಾಕಿ, ಚೌಕ ಚೌಕವಾಗಿ ಹರಿಯುತ್ತಾ ಕೂತರು. ಫ್ಲಾಸ್ಕು, ಕಿವಿಗೆ ಕಟ್ಟಲು ಸ್ಕಾರ್ಫು, ಕಾಲುಚೀಲ, ಒಂದು ಚಮಚ, ಫೈಲು ಎಲ್ಲವೂ ಒಂದೊಂದಾಗಿ ಬ್ಯಾಗಿಗೆ ಸೇರಿದವು. ಸೀರೆ ಪರ್ರೆಂದು ಹರಿಯುವಾಗಲೆಲ್ಲ, ನಲವತ್ತೊಂದು ವಾರ ಎರಡು ದಿನ, ನಲವತ್ತೊಂದು ವಾರ ಮೂರು ದಿನ ಎಂದು ನಾನು ಒಳಗೊಳಗೇ ಎಣಿಸುತ್ತಿದ್ದೆ.

ಡಾಕ್ಟರಮ್ಮನಿಗೆ ಮಾತ್ರ ಗುಟ್ಟಾಗಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎರಡು ಸಲ ಫೋನು ಕೈಗೆತ್ತಿಕೊಂಡೆ. ಅವರು ಇವತ್ತೇ ಬನ್ನಿ ಎಂದರೆ ಮನೆಯಲ್ಲಿ ಏಕೆಂದು ಹೇಳಬೇಕು. ಬೇಲೂರಿನ ಕಚೇರಿಯಿಂದ ಸಂಜೆ ಮನೆಗೆ ಬರುವ ನನ್ನ ಗಂಡ ಒಳ್ಳೆಯವರೇ, ಆದರೆ ಅಮ್ಮನ ಮುಂದೆ ಅವರ ಬಾಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ. ಅಲ್ಲದೆ ಹೊಸ ಮನೆಗೆ ಬಂದ ಮೇಲೆ ಒಂದು ಕರು ಸತ್ತಿತ್ತು. ಅತ್ತೆ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. "ಎಲ್ಲೋ ಏನೋ ಮೈಲಿಗೆ ಆಗೈತೆ ಕಣೇ ಈ ಮನೇಲಿ" ಎಂದು ಅವರು ಒಂದೆರಡು ಸಲ ಹೇಳಿದ್ದರು. ಆ ಮೈಲಿಗೆ ನಾನೇ ಎಂದು ಯಾವ ಬಾಯಲ್ಲಿ ಹೇಳಲಿ? ಇನ್ನೂ ಒಂದು ಮಾತಿದೆ, ನಾಚಿಕೆಯಾದರೂ ಬರೆಯುತ್ತೇನೆ. ಹೋಮದ ಬೆಂಕಿಯ ಮುಂದೆ ಹಾಗೆ ಕೂತಿದ್ದಕ್ಕೆ ಈ ಮಗುವೇ ದಂಡ ತೆರಬೇಕಾಗುತ್ತದೋ ಏನೋ ಎಂದು ವಿಜ್ಞಾನದ ಟೀಚರ್ ಆದ ನಾನು ಮೂರು ದಿನ ಹೆದರಿ ಸತ್ತೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆಗೆ ಎಡಮಗ್ಗುಲಿಗೆ ಮಲಗಿ ಮಗುವಿನ ಒದೆತ ಎಣಿಸಿದೆ. ಎರಡು ಗಂಟೆಯಲ್ಲಿ ಹತ್ತು ಸಲವಾದರೂ ಆಡಬೇಕು ಎಂದು ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ಹಿಂದಿನ ದಿನಗಳಲ್ಲಿ ಅರ್ಧ ಗಂಟೆಯಲ್ಲೇ ಹತ್ತಾಗುತ್ತಿತ್ತು. ಅವತ್ತು ಗಡಿಯಾರದಲ್ಲಿ ನಾಲ್ಕಾದರೂ ಎಣಿಕೆ ಆರಕ್ಕೇ ನಿಂತಿತ್ತು. ತಣ್ಣೀರು ಕುಡಿದೆ, ಬೆಲ್ಲ ತಿಂದೆ, ಹೊಟ್ಟೆ ಅಲುಗಿಸಿದೆ. ಒಂದು ಸಲ ಮೆಲ್ಲಗೆ ಹೊರಳಿದಂತಾಯಿತು, ಅಷ್ಟೆ.

ಅದೇ ಹೊತ್ತಿಗೆ ಹುಲಿಕೆರೆ ಕಡೆಯ ಹೆಂಗಸೊಬ್ಬಳು ಜಗಲಿಗೆ ಬಂದು ತನ್ನ ಹಸು ಇನ್ನೂ ಕರು ಹಾಕಿಲ್ಲ ಎಂದು ಗೋಳಾಡಿದಳು. ಅತ್ತೆ ಇಂಜೆಕ್ಷನ್ ಕೊಡಿಸಿದ ದಿನ ಕೇಳಿದರು. ಅವಳು ಒಮ್ಮೆ ಒಂದು ದಿನ, ಇನ್ನೊಮ್ಮೆ ಬೇರೆ ದಿನ ಹೇಳಿದಳು. ಅತ್ತೆ ರೇಗಿದರು. "ದಿನ ಸರ್ಯಾಗ್ ಹೇಳ್ದೇ ಇದ್ರೆ ನಾನೇನ್ ಮಾಡ್ಲಿ? ಮೂಕ್ ಪ್ರಾಣಿ ಹೊಟ್ಟೇಲಿ ಕರ ಸಾಯ್ತದೆ ಕಣೇ. ಈಗ್ಲೇ ಹೋಗಿ ಡಾಕ್ಟ್ರನ್ನ ಕರ್ಕೊಂಬಾ" ಎಂದು ಅವಳನ್ನು ಅಟ್ಟಿದರು. ಒಳಗೆ ಬಂದು ಮತ್ತೆ ಸೀರೆ ಹರಿಯಲು ಕೂತರು.

ನಾನು ಗೋಡೆ ಹಿಡಿದುಕೊಂಡು ಎದ್ದು ಹೋಗಿ ಅವರ ಎದುರಿಗೆ ಕೂತೆ. "ಅತ್ತೆ, ಗೃಹಪ್ರವೇಶದ ದಿನ ನಾನು ಹೊರಗಾಗಿದ್ದೆ" ಎಂದೆ.

ಅವರ ಕೈ ನಿಂತಿತು. "ಹೋಮಕ್ಕೆ ಕೂತಾಗ್ಲೂ?"

"ಹೂಂ."

"ಆಮ್ಯಾಲೆ ಹಿತ್ಲ ಕ್ವಾಣೇಲಿ ಮೂರ್ ದಿನ ಕೂತಿದ್ದು?"

"ಸುಳ್ಳು. ಮಗು ಮಧ್ಯಾಹ್ನದಿಂದ ಸರಿಯಾಗಿ ಆಡ್ತಿಲ್ಲ ಅತ್ತೆ."

ಅವರು ನನ್ನ ಮುಖವನ್ನೇ ನೋಡಿದರು. ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು ನಾನು ಕಾದೆ. ಅವರ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಓಡತೊಡಗಿತು. ಲೆಕ್ಕ ಮುಗಿಯುತ್ತಿದ್ದಂತೆ ತಟ್ಟನೆ ಎದ್ದು ಹರಿದ ಬಟ್ಟೆಯನ್ನೆಲ್ಲ ಬಾಚಿ ಬ್ಯಾಗಿಗೆ ತುರುಕಿ, ಹೊರಗಿದ್ದ ಮಗನಿಗೆ, "ಕಾರ್ ಕರೀಲಾ, ಅರ್ಸೀಕೆರೆಗೆ ಹೋಗ್ಬೇಕು, ಈಗ್ಲೇ" ಎಂದು ಕೂಗಿದರು. ನನ್ನ ಗಂಡ ಗಡಿಯಾರ ನೋಡಿ, "ನಾಲ್ಕೂವರೆಯಿಂದ ರಾಹುಕಾಲ ಅಲ್ವಾಮ್ಮ" ಎಂದರು. ಮನೆಯಿಂದ ತರಕಾರಿಗೆ ಹೋಗುವುದಕ್ಕೂ ರಾಹುಕಾಲ ನೋಡುತ್ತಿದ್ದ ಅತ್ತೆ, "ಸುಮ್ನೆ ನಡೀಲಾ" ಎಂದರು.

ಜಾವಗಲ್ ದಾಟಿ ಬಾಣಾವರ ಬರುವವರೆಗೂ ಅತ್ತೆಯ ಮುಖ ಕಿಟಕಿಯ ಕಡೆಗಿತ್ತು. ಕೈ ಮಾತ್ರ ನನ್ನ ಹೊಟ್ಟೆಯ ಮೇಲಿತ್ತು. ನಾನು ಅಳುತ್ತಿದ್ದೆ. ಬಾಣಾವರದ ಹತ್ತಿರ ಮಗು ಒಮ್ಮೆ ಒದೆಯಿತು. "ಒಂದು" ಎಂದರು, ಕಿಟಕಿಯ ಕಡೆಯೇ ನೋಡುತ್ತಾ. ಅರಸೀಕೆರೆ ಸೇರುವಷ್ಟರಲ್ಲಿ ಮೂರಾಗಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಅಪ್ಪ ಕಾಯುತ್ತಿದ್ದರು. ನರ್ಸ್ ಕಾರ್ಡ್ ನೋಡಿ, "ನಿಮಗೆ ಗುರುವಾರ ಅಲ್ವಾ ಹೇಳಿದ್ದು? ಇವತ್ತೇ ಯಾಕೆ ಬಂದ್ರಿ?" ಎಂದು ಕೇಳಿದರು. ನನ್ನ ಗಂಡ, ಅಪ್ಪ, ಬೆಂಚಿನ ಮೇಲಿದ್ದ ನಾಲ್ಕಾರು ಜನ ಎಲ್ಲರೂ ನನ್ನ ಕಡೆ ತಿರುಗಿದರು. ಮಗು ಆಡುತ್ತಿಲ್ಲ ಎಂದೆ. ತಾರೀಖಿನ ವಿಷಯ ಹೇಗೆ ಹೇಳಲಿ ಎಂದು ಕಾರ್ಡ್ ಕಡೆ ನೋಡಿದೆ. ಅಷ್ಟರಲ್ಲಿ ಅತ್ತೆ ಮುಂದೆ ಬಂದರು.

"ನಂದೇ ತಪ್ಪು ಕಣಮ್ಮ. ಕಾರ್ಡ್ ಮಾಡ್ಸುವಾಗ ತಾರೀಕು ಹೇಳಿದ್ದು ನಾನು. ವಯಸ್ಸಾಯ್ತು, ಮರ್ತೋಯ್ತು. ಎಂಟ್ ದಿನ ಹಿಂದಕ್ಕೆ ಬರ್ಕೋ. ನಲ್ವತ್ತೊಂದು ವಾರ ದಾಟಿ ನಾಕ್ ದಿನ ಆಗೈತೆ ಇವ್ಳಿಗೆ."

"ಇಂಥದ್ದನ್ನ ಸರಿಯಾಗಿ ಹೇಳಬೇಕಲ್ವಾ ಅಜ್ಜಿ? ಗೊತ್ತಿಲ್ಲದಿದ್ರೆ ಸುಮ್ಮನಿರಬೇಕು. ಒಂದು ಜೀವದ ವಿಷಯ ಇದು" ಎಂದು ನರ್ಸ್ ಎಲ್ಲರೆದುರು ಗದರಿದರು.

"ಹೌದು ಕಣಮ್ಮ" ಎಂದು ಅತ್ತೆ ತಲೆ ತಗ್ಗಿಸಿ ನಿಂತರು. ಅವರನ್ನು ಯಾರಾದರೂ ಹಾಗೆ ಗದರಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಸ್ಕ್ಯಾನಿಂಗಿನಲ್ಲಿ ನೀರು ಬಹಳ ಕಡಿಮೆಯಾಗಿತ್ತು. ಡಾಕ್ಟರಮ್ಮ ಗುರುವಾರದ ಮಾತೆತ್ತದೆ ಆ ಸಂಜೆಯೇ ನೋವು ಬರಿಸುವ ಔಷಧಿ ಇಟ್ಟರು. ಮಗುವಿನ ಎದೆಬಡಿತ ಕೇಳುವ ಬೆಲ್ಟು ಕಟ್ಟಿದರು. ಆ ಸದ್ದು ಸ್ವಲ್ಪ ತಗ್ಗಿದರೂ ನನ್ನ ಪ್ರಾಣ ಹೋಗಿಬರುತ್ತಿತ್ತು. ಸೋಮವಾರ ಮಧ್ಯಾಹ್ನ ಮಗಳು ಹುಟ್ಟಿದಳು. ಉಗುರು ಉದ್ದ ಬೆಳೆದಿತ್ತು, ಅಂಗೈ ಅಂಗಾಲಿನ ಸಿಪ್ಪೆ ಏಳುತ್ತಿತ್ತು. ಬೆನ್ನುಜ್ಜಿದ ಮೇಲೆಯೇ ಅತ್ತಳು. "ದಿನ ಮೀರಿದ ಮಗು. ಗುರುವಾರದವರೆಗೆ ಬಿಟ್ಟಿದ್ದರೆ ಕಷ್ಟವಿತ್ತು" ಎಂದರು ಡಾಕ್ಟರಮ್ಮ. ಅತ್ತೆ ಅವಳನ್ನು ತಮ್ಮ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಆ ಪುಟ್ಟ ಅಂಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿದರು.

ಹನ್ನೊಂದನೇ ದಿನ ಹೆರಿಗೆಯ ಮೈಲಿಗೆ ಕಳೆಯಲು ಪುರೋಹಿತರು ಬಂದು ಮನೆಗೆಲ್ಲ ಪುಣ್ಯಾಹದ ನೀರು ಚಿಮುಕಿಸಿ ಹೋದರು. ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ, "ಅದೂ ಇದೂ ಎರಡೂ ಒಟ್ಗೇ ಆಯ್ತು ಬಿಡು" ಎಂದರು. ಗೃಹಪ್ರವೇಶದ ಬಗ್ಗೆ ಅವರು ಆಡಿದ ಕೊನೆಯ ಮಾತು ಅದು.

ಆದರೆ ಆಸ್ಪತ್ರೆಯ ಬೆಂಚಿನ ಮೇಲಿದ್ದವರಲ್ಲಿ ನಮ್ಮೂರಿನ ಕಡೆಯವರೂ ಇದ್ದಿರಬೇಕು. ಮಗಳಿಗೆ ಮೂರು ತಿಂಗಳಾಗಿದ್ದಾಗ ಒಂದು ಸಂಜೆ ಅವಳನ್ನು ಎತ್ತಿಕೊಂಡು ಅತ್ತೆಯ ಜೊತೆ ಡೇರಿಗೆ ಹೋದೆ. ಅತ್ತೆ ಒಬ್ಬ ಹೆಂಗಸನ್ನು, "ನಿನ್ ಹಸೀಗೆ ಮುಂದಿನ್ ವಾರ ಅಲ್ವೇನೇ?" ಎಂದು ತಾವಾಗಿಯೇ ಕೇಳಿದರು. ಅವಳು ನಕ್ಕು, "ಬಿಡಕ್ಕಾ, ಗ್ವಾಡೆ ಮ್ಯಾಲೆ ಬರ್ದಿಟ್ಟಿವ್ನಿ. ನಿಂಗೀಗ ಮರೆವು ಅಂತಲ್ಲ, ಮೊಮ್ಮಗಳ ದಿನಾನೇ ತಪ್ಪಿದ್ಯಂತೆ" ಎಂದಳು. ಕ್ಯಾನು ಹಿಡಿದು ಸಾಲಲ್ಲಿ ನಿಂತವರೆಲ್ಲ ನಕ್ಕರು. ನಾನು ಒಂದು ಹೆಜ್ಜೆ ಮುಂದಿಟ್ಟೆ. "ಅದು ಹಂಗಲ್ಲ" ಎಂದು ಬಾಯಿ ತೆರೆದೇಬಿಟ್ಟಿದ್ದೆ.

ಅತ್ತೆ ನನ್ನ ಕಡೆ ತಿರುಗಿ, "ಮಗೀಗೆ ಹಸ್ವಾಗೈತೆ, ನೀನ್ ಮನೆಗ್ ನಡಿ" ಎಂದರು. ಆಮೇಲೆ ತಮ್ಮ ಕ್ಯಾನು ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತರು.