ಹನ್ನೊಂದನೆಯ ಹುಳು

ಶಕುನ, ಕಣಿ, ದೂರದಲ್ಲಿದ್ದವರಿಗೆ ತಿಳಿಯಿತು ಅನ್ನುವ ಕಥೆ, ಇಂಥದ್ದನ್ನೆಲ್ಲ ನಾನು ನಂಬಿದವನಲ್ಲ. ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿಯೇ ಕೊಳ್ಳುವ ಜಾತಿ ನನ್ನದು. ಈಗ ಹೇಳುವುದನ್ನು ನೀವು ನಂಬದಿದ್ದರೆ ಬೇಸರವಿಲ್ಲ.

ಶಿಡ್ಲಘಟ್ಟದಲ್ಲಿ ನಮ್ಮದು ನೂಲು ಬಿಚ್ಚುವ ಮನೆ. ಗೂಡು ಬೇಯಿಸಿ ಎಳೆ ತೆಗೆದ ಮೇಲೆ ಉಳಿಯುವ ಹುಳುವಿನ ನಾತಕ್ಕೆ ನೆಂಟರು ಮೂಗು ಮುಚ್ಚುತ್ತಿದ್ದರು. ನಮಗೆ ತಿಳಿಯುತ್ತಲೇ ಇರಲಿಲ್ಲ. ಪ್ರತಿ ಸಲ ಗೂಡು ತಂದಾಗಲೂ ಅಮ್ಮ ಒಂದು ಹಿಡಿಯಷ್ಟನ್ನು ಬೇಯಿಸದೆ ತೆಗೆದಿಟ್ಟು, ಚಿಟ್ಟೆಯಾಗಿ ಹೋಗಲು ಬಿಡುತ್ತಿದ್ದಳು. ತೊಂಬತ್ತರ ದಶಕದಲ್ಲಿ ನಾನು ನೂಲು ತೆಗೆಯುವ ಹಳೆಯ ಯಂತ್ರ ಕೊಳ್ಳಲು ಚೀನಾಕ್ಕೆ ಹೊರಟೆ. “ಅಲ್ಲಿ ಹುಳ ತಿಂತಾರಂತೆ. ನೂಲು ನಮ್ದು, ಒಡಲು ನಮ್ದಲ್ಲ ನಾಯನಾ. ಬಾಯಿಗಿಡ್ಬೇಡ,” ಎಂದಳು ಅಮ್ಮ. ನನ್ನನ್ನು ಅವಳು ಕರೆಯುತ್ತಿದ್ದದ್ದೇ ನಾಯನಾ ಎಂದು. ಆಗಲಿ ಎಂದು ತಲೆಯಾಡಿಸಿದೆ.

ಅಲ್ಲಿ ಎರಡು ದಿನ ಚೌಕಾಸಿ ಮಾಡಿದರೂ ಯಂತ್ರದ ಯಜಮಾನ ಬಗ್ಗಲಿಲ್ಲ. ಮೂರನೆಯ ದಿನ, ಬುಧವಾರ ಮಧ್ಯಾಹ್ನ, ಊಟಕ್ಕೆ ಕರೆದ. ಮುಂದೆ ಬಂದದ್ದು ತಟ್ಟೆ ತುಂಬ ಹುರಿದ ರೇಷ್ಮೆಹುಳು. ತನ್ನ ಜೊತೆ ಕೂತು ಇದನ್ನು ತಿಂದವನ ಜೊತೆಗೇ ವ್ಯಾಪಾರ ಎಂದು ದುಭಾಷಿಯಿಂದ ಹೇಳಿಸಿದ.

ಜೊತೆಗೆ ಬಂದಿದ್ದ ಚಿಂತಾಮಣಿ ಊರಿನ ಗೆಳೆಯ ಕಿಸಕ್ಕನೆ ನಕ್ಕ. “ವರ್ಷಗಟ್ಲೆ ಬೇಯ್ಸಿದ್ದೀಯ, ಒಂದಿನನಾದ್ರೂ ಉಪ್ಪು ನೋಡ್ಬೇಡ್ವೇನಯ್ಯಾ?”

“ನೀನೇ ತಿನ್ನಯ್ಯ.”

“ಮಿಷನ್ ಬೇಕಾಗಿರೋದು ನಿಂಗೆ ಕಣೋ!”

ಅಮ್ಮನ ಮಾತು ನೆನಪಿತ್ತು. ಯಂತ್ರವೂ ಬೇಕಿತ್ತು. ತಿಂದೆ.

ಹಲ್ಲಿಗೆ ಸಿಕ್ಕಿದ ತಕ್ಷಣ ಸಿಪ್ಪೆ ಪಟ್ಟೆಂದು ಒಡೆದು ಒಳಗಿನ ಗಿಜಿಗಿಜಿ ನಾಲಿಗೆಗೆ ಮೆತ್ತಿಕೊಂಡಿತು. ನಮ್ಮ ನೂಲು ಬಿಚ್ಚುವ ಕೊಟ್ಟಿಗೆಯ ಮೋರಿ, ನೆನೆದ ಗೋಣಿಚೀಲ, ಹಳಸಿದ ಎಣ್ಣೆ, ಎಲ್ಲ ಒಟ್ಟಿಗೆ ಬಾಯೊಳಗೆ ಬಂದಂತಾಯಿತು. ಹುಟ್ಟಿದಂದಿನಿಂದ ಗೊತ್ತಾಗದ ನಾತ ಆಗ ಗೊತ್ತಾಯಿತು. ಯಜಮಾನ ನೋಡುತ್ತಿದ್ದ. ನುಂಗಿದೆ. ಹೀಗೆ ಹತ್ತು. ಹನ್ನೊಂದನೆಯದನ್ನು ತುಟಿಗೆ ತಂದಾಗ ದವಡೆ ಕಚ್ಚಿಕೊಂಡಿತು. ಯಾರೋ ಗಲ್ಲ ಅದುಮಿ ಹಿಡಿದ ಹಾಗೆ. ತೆರೆಯಲು ಎಷ್ಟು ಒದ್ದಾಡಿದರೂ ಆಗಲಿಲ್ಲ. ಇಷ್ಟು ಸಾಕೆಂಬಂತೆ ಯಜಮಾನ ನಕ್ಕು ಕೈಕುಲುಕಿದ. ಯಂತ್ರ ನನ್ನದಾಯಿತು.

ವಾರದ ಮೇಲೆ ಊರಿಗೆ ಬಂದೆ. ನಮ್ಮ ಮನೆಯಲ್ಲಿ ಆಗ ಫೋನಿರಲಿಲ್ಲ, ಗೆಳೆಯ ನನ್ನ ಜೊತೆಯೇ ಇಳಿದಿದ್ದ; ಸುದ್ದಿ ನನಗಿಂತ ಮೊದಲು ಮನೆ ಮುಟ್ಟುವ ದಾರಿಯೇ ಇರಲಿಲ್ಲ. ಹೊಸಿಲಲ್ಲೇ ಹೆಂಡತಿ ತಡೆದಳು.

“ಹೋದ ಬುಧವಾರ ಅತ್ತೆಗೆ ಏನೋ ಆಗಿತ್ತು ರೀ. ಬೆಳಿಗ್ಗೆ ತಿಂಡಿ ತಿನ್ತಾ ಇದ್ದೋರು ‘ಥೂ, ಹುಳ, ಹುಳ’ ಅಂತ ಉಗೀತಾನೇ ಇದ್ರು. ತಟ್ಟೇಲಿ ಏನೂ ಇರ್ಲಿಲ್ಲ. ಆಮೇಲೆ ‘ಸಾಕು ನಾಯನಾ’ ಅಂತ ಎರಡೂ ಕೈಲಿ ಬಾಯಿ ಮುಚ್ಕೊಂಡ್ರು.”

ಬುಧವಾರ. ನಮ್ಮ ಬೆಳಿಗ್ಗೆ ಅಲ್ಲಿಯ ಮಧ್ಯಾಹ್ನ.

ಪರದೇಶಕ್ಕೆ ಹೋಗುವವರಿಗೆ ನನ್ನದೊಂದು ಬುದ್ಧಿಮಾತು: ಚೀಲದಲ್ಲಿ ಅವಲಕ್ಕಿ ಇರಲಿ, ಮನೆಯಲ್ಲಿ ಕೊಟ್ಟ ಮಾತನ್ನು ಚೌಕಾಸಿಗೆ ಇಡಬೇಡಿ. ಇದಕ್ಕಿಂತ ಹೆಚ್ಚು ನನಗೂ ತಿಳಿಯದು. ಯಂತ್ರ ಬಹಳ ವರ್ಷ ಓಡಿತು, ಆದರೆ ಅದರ ಕೊಟ್ಟಿಗೆಗೆ ಮೂಗಿಗೆ ಬಟ್ಟೆ ಕಟ್ಟದೆ ನಾನು ಕಾಲಿಟ್ಟಿಲ್ಲ.

ಅವತ್ತು ಒಳಗೆ ಹೋಗಿ ಅಮ್ಮನ ಮುಂದೆ ನಿಂತೆ. ಅವಳು ತಂಬಿಗೆಯಲ್ಲಿ ನೀರು ತುಂಬಿ ನನ್ನ ಕೈಗಿಟ್ಟಳು.

“ಬಾಯಿ ಮುಕ್ಕಳಿಸ್ಕೊಂಡು ಬಾ. ಆಮೇಲೆ ಬಡಿಸ್ತೀನಿ.”