ಮುಡಿ ಕೊಡುವವರೆಗೆ

ತಿಮ್ಮರಾಯಿಗೆ ನನಗಿಂತ ಉದ್ದದ ಜಡೆ ಇತ್ತು. ಅದನ್ನು ನೋಡಿ ನಾನು ಹೊಟ್ಟೆ ಉರಿದುಕೊಂಡದ್ದೂ ಉಂಟು. ದಿನಾ ಬೆಳಿಗ್ಗೆ ಅವನ ತಾಯಿ ಭದ್ರಮ್ಮ ಜಗಲಿಯ ಮೇಲೆ ಅವನನ್ನು ಮುಂದೆ ಕೂರಿಸಿಕೊಂಡು, ಹರಳೆಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬಿಗಿಯಾಗಿ ಹೆಣೆದು ತುದಿಗೆ ಕೆಂಪು ಟೇಪು ಕಟ್ಟುತ್ತಿದ್ದರು. ಖಾಕಿ ಚಡ್ಡಿ, ಬಿಳಿ ಅಂಗಿ, ಬೆನ್ನ ಮೇಲೆ ಜಡೆ. ಆ ವೇಷ ನೋಡಿ ನಗುವ ಧೈರ್ಯ ನಾಗಸಂದ್ರದಿಂದ ಮಾಕಳಿಯವರೆಗೆ ಯಾವ ಮಗುವಿಗೂ ಇರಲಿಲ್ಲ.

ಅದು ಎಪ್ಪತ್ತರ ದಶಕದ ನಡುವಿನ ಮಾತು. ಪೀಣ್ಯದಲ್ಲಿ ಕಾರ್ಖಾನೆಗಳು ಎದ್ದು, ಸುತ್ತಲಿನ ರಾಗಿ ಹೊಲಗಳು ಒಂದೊಂದಾಗಿ ಕಾಂಪೌಂಡಿನೊಳಗೆ ಸೇರುತ್ತಿದ್ದ ಕಾಲ. ತಿಮ್ಮರಾಯಿಯ ತಂದೆ ನರಸಪ್ಪನವರು ಹೊಲದ ಬಹುಪಾಲನ್ನು ಕೊಟ್ಟು, ಉಳಿದ ನೆಲದಲ್ಲಿ ಸಾಲುಮನೆಗಳನ್ನೂ ಅವುಗಳ ಹಿಂದೆ ಶೀಟು ಹೊದಿಸಿದ ಶೆಡ್ಡುಗಳನ್ನೂ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ನಮ್ಮ ತಂದೆ ಗೋಪಾಲಕೃಷ್ಣ ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಅಪ್ಪ, ಅಮ್ಮ, ನಾನು, ತಮ್ಮ ಪಟ್ಟಾಭಿ, ಎಲ್ಲರೂ ಆ ಸಾಲಿನ ಕೊನೆಯ ಮನೆಯಲ್ಲಿದ್ದೆವು. ಪಟ್ಟಾಭಿಯದೂ ತಿಮ್ಮರಾಯಿಯದೂ ಒಂದೇ ತರಗತಿ. ಶಾಲೆಯ ಅರ್ಧ ಮಕ್ಕಳ ಅಪ್ಪಂದಿರು ನರಸಪ್ಪನವರ ಬಾಡಿಗೆದಾರರು ಎಂಬುದನ್ನು ಇಲ್ಲಿ ಹೇಳಿಬಿಡಬೇಕು.

ಭದ್ರಮ್ಮನಿಗೆ ಮೊದಲು ಹುಟ್ಟಿದ ಮೂರು ಮಕ್ಕಳೂ ಕಣ್ಣು ಬಿಡುವಷ್ಟರಲ್ಲಿ ಹೋಗಿದ್ದವು. ನಾಲ್ಕನೆಯದು ಹೊಟ್ಟೆಯಲ್ಲಿದ್ದಾಗ ಅವರ ಅತ್ತೆ ಅಶ್ವತ್ಥಮ್ಮ ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತರು. ಈ ಮಗು ಉಳಿದರೆ ಹನ್ನೆರಡನೇ ವರ್ಷಕ್ಕೆ ಬೆಟ್ಟಕ್ಕೆ ಕರೆತಂದು ಮುಡಿ ಕೊಡುತ್ತೇವೆ, ಅಲ್ಲಿಯವರೆಗೆ ತಲೆಗೆ ಕತ್ತಿ ತಾಗಿಸುವುದಿಲ್ಲ ಎಂದು. ಮಗು ಉಳಿಯಿತು. ಮುದುಕಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಮುಡಿ ಕೊಡುವವರೆಗೆ ಮಗುವಿನ ಮೇಲೆ ಯಾರೂ ಕೈ ಮಾಡಬಾರದು, ಅವನ ಕಣ್ಣಲ್ಲಿ ನೀರು ಬರಿಸಬಾರದು ಎಂದು ಇನ್ನೊಂದನ್ನು ತಾವೇ ಸೇರಿಸಿದರು. ದೇವರು ಕೇಳಿದ್ದು ಕೂದಲು ಮಾತ್ರ. ಈ ಎರಡನೆಯದರ ಸುದ್ದಿ ಆ ತಿಮ್ಮಪ್ಪನಿಗಾದರೂ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಊರಿಗೆ ಮಾತ್ರ ಗೊತ್ತಿತ್ತು.

ಹೀಗೆ ಬೆಳೆದ ಹುಡುಗ ಹೇಗಿರಬೇಕೋ ಹಾಗೆಯೇ ಇದ್ದ. ಬೇರೆ ಮಕ್ಕಳ ಡಬ್ಬಿ ಕಿತ್ತು ಉಪ್ಪಿಟ್ಟನ್ನು ನಾಯಿಗೆ ಹಾಕುತ್ತಿದ್ದ, ಅವನಿಗೇನೂ ಹಸಿವಿರುತ್ತಿರಲಿಲ್ಲ. ನಲ್ಲಿಯಲ್ಲಿ ಬಗ್ಗಿ ನೀರು ಕುಡಿಯುವಾಗ ಜಡೆ ನೆನೆಯದಂತೆ ಹಿಂದೆ ಒಬ್ಬ ಹಿಡಿದು ನಿಲ್ಲಬೇಕು. ಕೈ ಜಾರಿತೋ, ಬೆನ್ನಿಗೆ ಗುದ್ದು. ತಿರುಗಿ ಹೊಡೆಯುವಂತಿಲ್ಲ. ಪ್ರತಿ ಮನೆಯಲ್ಲೂ ತಾಯಂದಿರು ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದು ಒಂದೇ ಮಾತು: ಮುಡಿ ಕೊಡೋವರೆಗೂ ಸುಮ್ಮನಿರು.

ಮಕ್ಕಳು ಆ ಮಾತನ್ನು ದೊಡ್ಡವರು ಹೇಳಿದ ಹಾಗೆ ಕೇಳಲಿಲ್ಲ. ಮುಡಿ ಕೊಟ್ಟ ಮೇಲೆ ಸುಮ್ಮನಿರಬೇಕಾಗಿಲ್ಲ ಎಂದೇ ಕೇಳಿಸಿಕೊಂಡರು. "ಮುಡಿ ಕೊಡ್ಲಿ ತಡಿ" ಎಂದು ಗೋಲಿ ಆಡುತ್ತಾ, ಕುಂಟೆಬಿಲ್ಲೆ ಆಡುತ್ತಾ ಪಿಸುಗುಡುತ್ತಿದ್ದರು. ವೆಂಕಟಪ್ಪ ಮೇಷ್ಟ್ರು ಇನ್ನೂ ಒಂದು ಹೆಜ್ಜೆ ಮುಂದೆ. ಹುಣಸೆ ಬರಲಿನ ಸಿಪ್ಪೆ ಸುಲಿದು, ಎಣ್ಣೆ ಸವರಿ, ಕಪ್ಪು ಹಲಗೆಯ ಮೇಲಿನ ಮೊಳೆಗೆ ನೇತುಹಾಕಿದ್ದರು. ಅದರಿಂದ ಯಾರಿಗೂ ಹೊಡೆಯುತ್ತಿರಲಿಲ್ಲ. ತಿಮ್ಮರಾಯಿ ಏನಾದರೂ ಮಾಡಿದಾಗ ಮೇಷ್ಟ್ರು ಆ ಕೋಲನ್ನೊಮ್ಮೆ ನೋಡುವರು, ಇಡೀ ತರಗತಿಯೂ ನೋಡುವುದು. ವಿಷಯ ತಿಳಿಯದವನು ತಿಮ್ಮರಾಯಿ ಒಬ್ಬನೇ.

"ಎಲ್ರೂ ನನ್ ಮುಡಿಗೇ ಕಾಯ್ತಾವ್ರೆ" ಎಂದು ಅವನು ಜಂಬ ಕೊಚ್ಚುತ್ತಿದ್ದ. ನಮ್ಮ ಪಟ್ಟಾಭಿಯ ಹೆಗಲ ಮೇಲೆ ಕೈ ಹಾಕಿ, "ಬೆಟ್ಟದಿಂದ ನಿಂಗೂ ಲಾಡು ತಂದ್ಕೊಡ್ತೀನಿ ಕಣೋ" ಎನ್ನುತ್ತಿದ್ದ. ಪಟ್ಟಾಭಿ ಅವನ ತಲೆಯನ್ನೇ ನೋಡುತ್ತಿದ್ದ. ನನ್ನ ತಮ್ಮ ಇರುವೆ ಕಂಡರೆ ದಾರಿ ಬಿಡುವ ಹುಡುಗ. ಅವನು ಹಾಗೆ ನೋಡುವುದನ್ನು ಕಂಡರೆ ನಾನು ಕೈ ಹಿಡಿದು ಮನೆಗೆ ಎಳೆದುಕೊಂಡು ಬರುತ್ತಿದ್ದೆ.

ಪಟ್ಟಾಭಿಗೆ ಕಾರಣವಿತ್ತು. ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಬೆಲ್ಟಿನಿಂದ ಓಡುವ ಹಳೆಯ ಲೇತ್ ಮಿಷನ್ ಇತ್ತು. ಅದು ಕಡೆದು ಬೀಳಿಸುವ ಕಬ್ಬಿಣದ ಸುರುಳಿಗಳು ಹೊರಗೆ ರಾಶಿ ಬಿದ್ದಿರುತ್ತಿದ್ದವು. ನೀಲಿ ಬಣ್ಣಕ್ಕೆ ತಿರುಗಿ ಫಳಫಳ ಹೊಳೆಯುವ ಆ ಸುರುಳಿಗಳು ಬ್ಲೇಡಿಗಿಂತ ಹರಿತ. ಒಂದು ದಿನ ತಿಮ್ಮರಾಯಿ ಪಟ್ಟಾಭಿಯ ಚಪ್ಪಲಿಯನ್ನು ಆ ರಾಶಿಯ ಮೇಲೆ ಎಸೆದು, ಬರಿಗಾಲಲ್ಲಿ ಹತ್ತಿ ತರುವಂತೆ ಮಾಡಿದ. ಪಟ್ಟಾಭಿ ಚಪ್ಪಲಿ ತಂದ. ಅದನ್ನು ಮೆಟ್ಟುವುದಕ್ಕೆ ಅವನ ಕಾಲುಗಳೇ ಸರಿಯಾಗಿ ಉಳಿದಿರಲಿಲ್ಲ.

ಅಪ್ಪ ಆ ಸಂಜೆ ನರಸಪ್ಪನವರ ಜಗಲಿಗೆ ಹೋದರು. ನಾನೂ ಜೊತೆಗಿದ್ದೆ. ನರಸಪ್ಪನವರು ನಿಜಕ್ಕೂ ನೊಂದುಕೊಂಡರು, ಕೆಟ್ಟ ಮನುಷ್ಯರೇನಲ್ಲ.

"ತಪ್ಪೇ ಸಾರ್, ಇಲ್ಲ ಅನ್ನಾಕಿಲ್ಲ. ಮುಡಿ ಕೊಡೋಗಂಟ ತಡ್ಕಳಿ. ಆಮ್ಯಾಕೆ ನೀವೇ ನಾಕು ಬಿಡಿ. ನಾನೇ ಇಡ್ಕಂತೀನಿ" ಎಂದರು.

ಕಂಬದ ಹಿಂದೆ ನಿಂತಿದ್ದ ಭದ್ರಮ್ಮ ಈ ಮಾತಿಗೆ ಬೆಚ್ಚಿದ್ದನ್ನು ನಾನು ಕಂಡೆ. ಮರುದಿನದ ಹೊತ್ತಿಗೆ ಆ ಮಾತು ಶಾಲೆಯಲ್ಲೆಲ್ಲ ಹರಡಿತ್ತು. ಮಕ್ಕಳಿಗೆ ಈಗ ಅಪ್ಪಣೆಯೂ ಸಿಕ್ಕಂತಾಯಿತು.

ಆ ಲೇತು ನಡೆಸುತ್ತಿದ್ದವನು ಆಂಜಿನಪ್ಪ. ತಿಮ್ಮರಾಯಿಗೆ ಆ ಮಿಷನ್ನಿನ ಮೇಲೆ ವಿಪರೀತ ಮೋಹ. ಸುರುಳಿ ಬೀಳುತ್ತಿದ್ದಂತೆ ಹಿಡಿಯಬೇಕೆಂದು ಬಗ್ಗುತ್ತಿದ್ದ. ಒಮ್ಮೆ ಜಡೆ ಮುಂದಕ್ಕೆ ಜಾರಿ ಬೆಲ್ಟಿನ ಹತ್ತಿರ ತೂಗಾಡುವುದನ್ನು ಕಂಡು ಆಂಜಿನಪ್ಪ ರಟ್ಟೆ ಹಿಡಿದು ಹೊರಕ್ಕೆ ಎಳೆದು ಹಾಕಿದ. ತಿಮ್ಮರಾಯಿ ಹುಟ್ಟಿದಮೇಲೆ ಮೊದಲ ಸಲ ಇರಬೇಕು, ಕಣ್ಣೀರು ಹಾಕಿಕೊಂಡು ಮನೆಗೆ ಓಡಿದ. ಅಶ್ವತ್ಥಮ್ಮ ಬೀದಿಗೆ ಬಂದು ಮಣ್ಣು ತೂರಿದರು. ಆಂಜಿನಪ್ಪ ಎಲ್ಲರೆದುರು ಆ ಹುಡುಗನ ಕಾಲ ಬುಡದಲ್ಲಿ ತೆಂಗಿನಕಾಯಿ ಒಡೆದು ತಪ್ಪಾಯಿತು ಎನ್ನಬೇಕಾಯಿತು. "ಇನ್ನೊಂದು ಕಿತ ನನ್ ಮಗನ ಮೈ ಮುಟ್ಟಿದ್ರೆ ಶೆಡ್ಡೇ ಖಾಲಿ ಮಾಡಿಸ್ತೀನಿ" ಎಂದರು ನರಸಪ್ಪನವರು. ಮಗನ ಪ್ರಾಣ ಉಳಿಸಿದವನಿಗೆ ಸಿಕ್ಕ ಮರ್ಯಾದೆ ಇದು. ಈಗ ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಅಲ್ಲಿಂದಾಚೆಗೆ ತಿಮ್ಮರಾಯಿ ಶೆಡ್ಡಿನ ಬಾಗಿಲಲ್ಲಿ ಕಾಣಿಸಿದರೆ ಸಾಕು, ಆಂಜಿನಪ್ಪ ಸ್ವಿಚ್ಚು ಆರಿಸಿ ಬೀಡಿ ಹಚ್ಚುತ್ತಿದ್ದ. ಹುಡುಗ ಬೇಜಾರಾಗಿ ಹೋದಮೇಲೆಯೇ ಮತ್ತೆ ಕೆಲಸ.

ಹನ್ನೆರಡನೇ ವರ್ಷ ಬಂತು. ಒಂದು ಮಧ್ಯಾಹ್ನ ಭದ್ರಮ್ಮ ಮಗನಿಗೆ ಊಟ ತೆಗೆದುಕೊಂಡು ಶಾಲೆಗೆ ಹೋದವರು ಆ ಕೋಲನ್ನು ನೋಡಿ, ಯಾಕೆ ಎಂದು ಕೇಳಿದರು. "ನಿಮ್ ಮಗನಿಗೇ ಎತ್ತಿಟ್ಟಿರೋದು ತಾಯಿ" ಎಂದರು ಮೇಷ್ಟ್ರು ನಗುತ್ತಾ. ಮಕ್ಕಳಲ್ಲಿ ಒಬ್ಬರೂ ನಗಲಿಲ್ಲವಂತೆ. ಭದ್ರಮ್ಮ ಅಲ್ಲಿಂದ ನೇರ ನಮ್ಮ ಮನೆಗೆ ಬಂದು ಅಮ್ಮನ ಮುಂದೆ ಕುಸಿದು ಕುಳಿತರು.

"ಸೀತಮ್ಮೋರೆ, ನನ್ ಮಗನ್ನ ಒಡ್ಯಾಕೆ ಊರ್ ಮಕ್ಳೆಲ್ಲಾ ಕಾಯ್ತಾ ಕುಂತವೆ. ಬೋಳು ತಲೆ ಮಾಡ್ಕಂಡು ಬಂದ್ರೆ ಅವತ್ತೇ ಮುಗಿಸ್ಬುಡ್ತವೆ."

"ಹಾಗೆಲ್ಲ ಆಗಲ್ಲ ಭದ್ರಮ್ಮನೋರೆ" ಎಂದರು ಅಮ್ಮ. ಆದರೆ ಅವರ ಕಣ್ಣು ಪಟ್ಟಾಭಿಯ ಕಾಲಿನ ಕಡೆ ಹೋಯಿತು. "ಈಗಿಂದಲೇ ನೀವೇ ಸ್ವಲ್ಪ ಗದರಿಸಿ. ಬೇಡ ಅನ್ನೋ ಮಾತು ಅಭ್ಯಾಸ ಮಾಡಿಸಿ. ನೀವು ಒಂದು ಏಟು ಹಾಕಿದ್ರೆ ಊರವರು ಹತ್ತು ಹಾಕೋದು ತಪ್ಪುತ್ತೆ."

"ಮೂರು ಮಕ್ಳನ್ನ ಈ ಕೈಯಾಗೇ ಮಣ್ಣಿಗೆ ಕೊಟ್ಟಿವ್ನಿ. ಅವನ್ ಮ್ಯಾಲೆ ಏಳಾಕಿಲ್ಲ ಈ ಕೈ" ಎಂದರು ಭದ್ರಮ್ಮ.

ಆಮೇಲೆ ಅವರು ತಮಗೆ ತೋಚಿದ ಉಪಾಯ ಮಾಡಿದರು. ತಿರುಪತಿ ಪ್ರಯಾಣವನ್ನೇ ಮುಂದಕ್ಕೆ ಹಾಕುತ್ತಾ ಹೋದರು. ಒಮ್ಮೆ ದಾಯಾದಿಗಳ ಸೂತಕ, ಒಮ್ಮೆ ಮಗನಿಗೆ ಜ್ವರ, ಒಮ್ಮೆ ನಕ್ಷತ್ರ ಸರಿಯಿಲ್ಲ. ಅತ್ತೆ ಹಲ್ಲು ಕಡಿದರು. ಭದ್ರಮ್ಮ ಜಗ್ಗಲಿಲ್ಲ. ಜಡೆ ಇರುವಷ್ಟು ದಿನ ಮಗನ ಮೈಗೆ ಕಾವಲಿದೆ ಎಂಬುದು ಅವರ ಲೆಕ್ಕ. ತಾಯಿಯ ಲೆಕ್ಕ, ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ಕೂದಲು ಬೆಳೆಯುತ್ತಲೇ ಹೋಯಿತು. ತಿಮ್ಮರಾಯಿಗೆ ಹದಿಮೂರು ದಾಟಿ, ದನಿ ಒಡೆದು, ಕೈ ಇನ್ನೂ ಜೋರಾಯಿತು. ಶಾಲೆಯ ಕೋಲು ಮೊಳೆಯಲ್ಲೇ ಒಣಗುತ್ತಿತ್ತು. ಮಕ್ಕಳು ಪಿಸುಗುಡುವುದನ್ನೂ ಬಿಟ್ಟು ಸುಮ್ಮನೆ ಕಾಯತೊಡಗಿದರು. ಅವನು ಸೇದುವ ಬಾವಿಯ ಕಟ್ಟೆಗೆ ಬಗ್ಗಿದಾಗ ಜಡೆ ಹಗ್ಗದ ಪಕ್ಕದಲ್ಲಿ ಇಳಿಬೀಳುತ್ತಿತ್ತು. ಅದನ್ನು ಕಂಡರೆ ನನಗೆ ಈಗ ಹೊಟ್ಟೆಕಿಚ್ಚಾಗುತ್ತಿರಲಿಲ್ಲ, ಹೆದರಿಕೆಯಾಗುತ್ತಿತ್ತು.

ಆ ವರ್ಷದ ಆಯುಧಪೂಜೆಯ ದಿನ ಶೆಡ್ಡನ್ನು ತೊಳೆದು, ಮಿಷನ್ನಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಕಬ್ಬಿಣವನ್ನು ಕಚ್ಚಿ ಹಿಡಿದು ತಿರುಗುವ ಚಕ್ಕಿಗೆ ಸೇವಂತಿಗೆ ಹಾರ ಸುತ್ತಿದ್ದರು. ಪೂಜೆಯಾದ ಮೇಲೆ ಮಿಷನ್ನನ್ನು ಒಂದು ಗಳಿಗೆ ಬರಿದೇ ಓಡಿಸಿ ನಿಲ್ಲಿಸುವುದು ಅಲ್ಲಿಯ ಪದ್ಧತಿ. ಕಡಲೆಪುರಿಗಾಗಿ ಸಾಲುಮನೆಯ ಮಕ್ಕಳೆಲ್ಲ ಸೇರಿದ್ದರು. ನರಸಪ್ಪನವರು ಹೊಸ ಪಂಚೆಯುಟ್ಟು ಮುಂದೆ ನಿಂತಿದ್ದರು. ತಿಮ್ಮರಾಯಿಗೆ ಅಂದು ಎಣ್ಣೆ ನೀರು ಹಾಕಿದ್ದರು. ಒದ್ದೆ ಕೂದಲು ಆರಲೆಂದು ಭದ್ರಮ್ಮ ಜಡೆ ಹೆಣೆಯದೆ ಬೆನ್ನ ತುಂಬ ಹರಡಿ ಬಿಟ್ಟಿದ್ದರು.

"ನಾನೇ ಆನ್ ಮಾಡ್ತೀನಿ" ಎಂದ ತಿಮ್ಮರಾಯಿ.

ಆಂಜಿನಪ್ಪ ಸ್ವಿಚ್ಚಿಗೆ ಅಡ್ಡ ನಿಂತ. "ಕೂದ್ಲು ಬಿಟ್ಕಂಡೈತೆ ಮಗ. ಗೌಡ್ರೇ, ನೀವಾದ್ರೂ ಬ್ಯಾಡ ಅನ್ನಿ."

ನರಸಪ್ಪನವರು ಮಗನ ಮುಖ ನೋಡಿದರು. ಆ ಮುಖ ಆಗಲೇ ಊದಿಕೊಳ್ಳುತ್ತಿತ್ತು. "ಅಬ್ಬದ ದಿನ ಕಣ್ಣಾಗೆ ನೀರು ಯಾಕೆ? ಒಂದ್ ಗಳಿಗೆ ತಾನೆ, ಬುಡು" ಎಂದರು.

ಆಂಜಿನಪ್ಪ ಸರಿದು ನಿಂತ. ತಿಮ್ಮರಾಯಿ ಸ್ವಿಚ್ಚು ಹಾಕಿದ. ಬೆಲ್ಟು ಪಟಪಟ ಎಂದಿತು. ಹಾರ ತಿರುಗಿ ಸೇವಂತಿಗೆ ಎಸಳುಗಳು ನಾಲ್ಕೂ ಕಡೆ ಹಾರಿದವು. ಮಕ್ಕಳು ಹೋ ಎಂದರು. ತಿಮ್ಮರಾಯಿ ಆ ಎಸಳುಗಳನ್ನು ಹಿಡಿಯಲು ನಗುತ್ತಾ ಬಗ್ಗಿದ, ಕೂದಲು ಹೆಗಲಿನಿಂದ ಮುಂದಕ್ಕೆ ಜಾರಿತು. ಆಂಜಿನಪ್ಪನ ಕೈ ಅವನ ಕತ್ತಿನ ಪಟ್ಟಿಗೆ ಚಾಚಿತು. ನಾನು ಕಣ್ಣಾರೆ ಕಂಡೆ. ಆ ಕೈ ಅರ್ಧದಲ್ಲಿ ನಿಂತಿತು. ಆಂಜಿನಪ್ಪ ತಲೆಯೆತ್ತಿ ನರಸಪ್ಪನವರ ಮುಖವನ್ನೊಮ್ಮೆ ನೋಡಿದ, ಮುಟ್ಟಲೇ ಎಂದು ಕೇಳುವಂತೆ. ಅಷ್ಟೇ ಹೊತ್ತು ಸಾಕಾಯಿತು.

ಆಗಷ್ಟೇ ಶೆಡ್ಡಿನ ಬಾಗಿಲಿಗೆ ಬಂದಿದ್ದ ಭದ್ರಮ್ಮನ ಕೂಗು ತುಮಕೂರು ರಸ್ತೆಯವರೆಗೆ ಕೇಳಿಸಿತಂತೆ. ಆಂಜಿನಪ್ಪ ಹಾರಿ ಸ್ವಿಚ್ಚು ಆರಿಸಿದ, ಆದರೆ ಮಿಷನ್ನು ತಕ್ಷಣ ನಿಲ್ಲುವುದಿಲ್ಲ.

ಹುಡುಗ ಸಾಯಲಿಲ್ಲ. ನೆತ್ತಿಯ ಚರ್ಮ ಕೂದಲಿನ ಜೊತೆಗೇ ಹೋಗಿತ್ತು. ದೊಡ್ಡಾಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ತಲೆಗೆ ಹಾಕಿದರು. ಅವನು ತಿಂಗಳುಗಟ್ಟಲೆ ಅಲ್ಲೇ ಇದ್ದ. ಇತ್ತ ಭದ್ರಮ್ಮ ಶೆಡ್ಡಿನ ನೆಲದ ಮೇಲೆ ಕುಳಿತು, ಎಸಳುಗಳ ನಡುವಿನಿಂದ, ಚಕ್ಕಿನ ಸಂದಿಯಿಂದ ಒಂದೊಂದೇ ಎಳೆ ಬಿಡಿಸಿ ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿದರು. ಅಶ್ವತ್ಥಮ್ಮ ಆ ಗಂಟನ್ನು ತಿರುಪತಿಗೆ ಒಯ್ದು ಒಪ್ಪಿಸಿ ಬಂದರು. ಮುಡಿ ಸಂದಿತು ಎಂದು ಊರೆಲ್ಲ ಮಾತಾಡಿಕೊಂಡಿತು.

ತಿಮ್ಮರಾಯಿ ತಲೆಗೆ ಟವಲು ಸುತ್ತಿಕೊಂಡು ಮತ್ತೆ ಶಾಲೆಗೆ ಬಂದ. ಅಷ್ಟರೊಳಗೆ ವೆಂಕಟಪ್ಪ ಮೇಷ್ಟ್ರು ಆ ಕೋಲನ್ನು ಮುರಿದು ಒಲೆಗೆ ಹಾಕಿದ್ದರು. ಮೊಳೆ ಮಾತ್ರ ಉಳಿದಿತ್ತು. ಮಕ್ಕಳು ಬೆಂಚಿನಲ್ಲಿ ಅವನಿಂದ ದೂರ ಸರಿದು ಕುಳಿತರು. ಆಟಕ್ಕೆ ಕರೆಯಲಿಲ್ಲ, ಬಯ್ಯಲೂ ಇಲ್ಲ. ಅವನು ನೀರು ಕುಡಿಯಲು ಹೋದರೆ ನಲ್ಲಿಯ ಹತ್ತಿರ ಯಾರೂ ಉಳಿಯುತ್ತಿರಲಿಲ್ಲ.

ಒಂದು ಸಂಜೆ ಶಾಲೆ ಬಿಟ್ಟಾಗ ಪಟ್ಟಾಭಿಯನ್ನು ಕರೆದುಕೊಂಡು ಬರಲು ಹೋಗಿದ್ದೆ. ತಿಮ್ಮರಾಯಿ ಗೇಟಿನ ಪಕ್ಕ ಅವನನ್ನು ತಡೆದು ನಿಂತಿದ್ದ. ನಾನು ಓಡಿದೆ. ಆದರೆ ಅವನು ತಲೆ ತಗ್ಗಿಸಿಕೊಂಡಿದ್ದ.

"ನೀವೆಲ್ಲಾ ಯಾಕೆ ಕಾಯ್ತಿದ್ರಿ ಅಂತ ಆಸ್ಪತ್ರೇಲಿ ನಮ್ಮವ್ವ ಯೋಳ್ತು. ಈಗ ಮುಡಿ ಕೊಟ್ಟಾಯ್ತಲ್ಲೋ, ಒಡಿ" ಎಂದ. ಪಟ್ಟಾಭಿ ಅಲುಗಾಡಲಿಲ್ಲ. "ಒಡಿಯೋ ಪಟ್ಟಾಭಿ. ಯಾರೂ ನನ್ ಮುಟ್ಟಾಕಿಲ್ಲ ಕಣೋ. ಒಂದೇ ಒಂದು ಒಡಿ."

ಪಟ್ಟಾಭಿ ಕೈ ಎತ್ತಿದ. ಆ ಕೈಯೂ ಅರ್ಧದಲ್ಲೇ ನಿಂತಿತು.

"ನೀನೂ ಅಂಗೇನಾ" ಎಂದ ತಿಮ್ಮರಾಯಿ. ಜಾರಿದ ಟವಲನ್ನು ಸರಿಮಾಡಿಕೊಂಡು ಮನೆಯ ಕಡೆ ಹೊರಟ. ನಾನೂ ಪಟ್ಟಾಭಿಯೂ ಹಿಂದೆ ಹಿಂದೆ ನಡೆದೆವು, ಹತ್ತಿರ ಹೋಗುವುದು ಇಬ್ಬರಿಂದಲೂ ಆಗಲಿಲ್ಲ. ಜಗಲಿಯ ಮೇಲೆ ಭದ್ರಮ್ಮ ಕಾಯುತ್ತಿದ್ದರು. ಅವನು ಹೋಗಿ ಎಂದಿನಂತೆ ಅವರ ಮುಂದೆ ಕುಳಿತು ಟವಲು ಬಿಚ್ಚಿದ. ಅವರು ಬಟ್ಟಲಲ್ಲಿ ಬೆರಳದ್ದಿ, ಆ ನೆತ್ತಿಗೆ ಎಣ್ಣೆ ಹಚ್ಚತೊಡಗಿದರು.